ಮಂಡ್ಯದ ತೋಟದಲ್ಲಿ ಕೂತು ಗುರುಗ್ರಹದ ರೇಡಿಯೊ ಸದ್ದು ಕೇಳುವುದು ಹೇಗೆ?

ಗುರುಗ್ರಹ ರೇಡಿಯೊ ಅಲೆಗಳನ್ನು ಹೊರಡಿಸುತ್ತದೆ. ಅದನ್ನು ಕೇಳುವುದಕ್ಕೆ ದೊಡ್ಡ ದೂರದರ್ಶಕವೇ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಡ. ಏಳು ಮೀಟರ್ ತಾಮ್ರದ ತಂತಿ, ಎರಡು ಬಿದಿರು ಗಳ, ಒಂದು ಸಾಧಾರಣ ರಿಸೀವರ್, ಒಂದು ಲ್ಯಾಪ್‌ಟಾಪ್ ಸಾಕು. ಮೈಸೂರು, ಮಂಡ್ಯ ಸುತ್ತಮುತ್ತ ಇರುವವರಿಗೆ ಇನ್ನೂ ಅನುಕೂಲ. ನಮ್ಮಲ್ಲಿ ಗುರು ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದು ಹೋಗುತ್ತಾನೆ. ಪೇಟೆ ಬಿಟ್ಟು ಅರ್ಧ ಗಂಟೆ ಹೋದರೆ ಬಯಲು ಸಿಗುತ್ತದೆ.

ಕಷ್ಟ ಇರುವುದು ಎರಡೇ ಕಡೆ. ಗದ್ದಲ ಇಲ್ಲದ ಜಾಗ ಹುಡುಕಬೇಕು, ಸರಿಯಾದ ಹೊತ್ತಿಗೆ ಎದ್ದು ಕೂರಬೇಕು. ಹೊಸಬರು ದುಬಾರಿ ರಿಸೀವರ್ ತರಿಸಿಕೊಂಡು, ಮನೆ ತಾರಸಿ ಮೇಲೆ ತಂತಿ ಕಟ್ಟಿ, ಏನೂ ಕೇಳಿಸಲಿಲ್ಲ ಅಂತ ಕೈಬಿಡುವುದನ್ನು ನೋಡಿದ್ದೇನೆ. ಅದಕ್ಕೇ ಜಾಗ ಮತ್ತು ಹೊತ್ತಿನ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಆ ಸದ್ದು ಎಲ್ಲಿಂದ ಬರುತ್ತದೆ

1955ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಮೇರಿಲ್ಯಾಂಡ್‌ನ ಒಂದು ಬಯಲಲ್ಲಿ ತಂತಿಯ ಆಂಟೆನಾ ಹರಡಿ, 22.2 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಗಮನಿಸುತ್ತಿದ್ದರು. ಆಗಾಗ ಒಂದು ಗದ್ದಲ ಬಂದು ದಾಖಲೆ ಕೆಡಿಸುತ್ತಿತ್ತು. ಅಕ್ಕಪಕ್ಕದ ತೋಟದ ಯಾವುದೋ ಗಾಡಿಯ ಸ್ಪಾರ್ಕ್ ಇರಬೇಕು ಅಂದುಕೊಂಡರು. ಆದರೆ ಅದು ನಕ್ಷತ್ರಗಳ ಹಾಗೆ ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಆ ಜಾಗದಲ್ಲಿ ಗುರು ಇದ್ದ. ಸುದ್ದಿ ತಿಳಿದ ಮೇಲೆ ಆಸ್ಟ್ರೇಲಿಯಾದಲ್ಲಿ ಅಲೆಕ್ಸಾಂಡರ್ ಶೇನ್ ತಮ್ಮ ಹಳೆಯ ದಾಖಲೆ ತೆಗೆದು ನೋಡಿದರು. 1950-51ರ ಕಾಗದಗಳಲ್ಲೇ ಗುರುವಿನ ಸದ್ದು ದಾಖಲಾಗಿತ್ತು. ಯಾರೂ ಗುರುತು ಹಿಡಿದಿರಲಿಲ್ಲ ಅಷ್ಟೇ.

ಈ ಕಥೆಯನ್ನು ಮರೆಯಬೇಡಿ. ಮೊದಲ ಸಲ ಕೇಳುವವರಿಗೆ ಗುರುವಿನ ಸದ್ದೂ ಪಕ್ಕದ ಮನೆಯ ಗದ್ದಲವೂ ಒಂದೇ ಥರ ಕೇಳಿಸುತ್ತವೆ.

ಸದ್ದಿನ ಮೂಲ ಗುರುವಿನ ಕಾಂತಗೋಳ, ಅಂದರೆ ಆ ಗ್ರಹದ ಅಯಸ್ಕಾಂತ ಶಕ್ತಿ ಹರಡಿಕೊಂಡಿರುವ ಜಾಗ. ಅದು ಬಹಳ ದೊಡ್ಡದು. ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿಕೊಂಡ ಅದರ ಬಾಲ ಶನಿಯ ಕಕ್ಷೆಯವರೆಗೂ ಹೋಗುತ್ತದೆ. ಗುರುವಿನ ಚಂದ್ರ ಅಯೋ ಈ ಜಾಗದ ಒಳಗೇ ಸುತ್ತುತ್ತದೆ. ಅಯೋ ತುಂಬಾ ಜ್ವಾಲಾಮುಖಿಗಳು. ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕದ ಅನಿಲ ಅಲ್ಲಿಂದ ಹೊರಗೆ ಹೋಗಿ, ವಿದ್ಯುತ್ ಕಣಗಳಾಗಿ ಗುರುವಿನ ಸುತ್ತ ಒಂದು ಬಳೆ ಕಟ್ಟಿಕೊಂಡಿದೆ. ಗುರು ತನ್ನ ಸುತ್ತ ತಾನು ತಿರುಗುವುದು ಹತ್ತು ಗಂಟೆಗೂ ಕಡಿಮೆ ಹೊತ್ತಲ್ಲಿ. ಅವನ ಕಾಂತಕ್ಷೇತ್ರವೂ ಜೊತೆಗೇ ತಿರುಗುತ್ತದೆ. ಅಯೋ ಒಂದು ಸುತ್ತು ಮುಗಿಸಲು ನಲವತ್ತೆರಡೂವರೆ ಗಂಟೆ ಬೇಕು. ಹೀಗಾಗಿ ಕಾಂತಕ್ಷೇತ್ರ ಅಯೋವನ್ನು ಹಿಂದಿನಿಂದ ದಾಟಿಕೊಂಡು ಓಡುತ್ತಲೇ ಇರುತ್ತದೆ. ಅಲ್ಲಿ ಹುಟ್ಟುವ ಕರೆಂಟು ಲಕ್ಷಾಂತರ ಆಂಪಿಯರ್.

ಆ ಕರೆಂಟಿನ ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡಿದು ಗುರುವಿನ ಧ್ರುವದ ಕಡೆ ಇಳಿಯುತ್ತವೆ. ಇಳಿಯುವಾಗ ರೇಖೆಯ ಸುತ್ತ ಸುತ್ತುತ್ತವೆ. ಸೆಕೆಂಡಿಗೆ ಎಷ್ಟು ಸುತ್ತೋ ಅದೇ ರೇಡಿಯೊ ಅಲೆಯ ಆವರ್ತನ. ಲೆಕ್ಕ ಸರಳ: ಕಾಂತಬಲ ಎಷ್ಟು ಗಾಸ್ ಇದೆಯೋ ಅದನ್ನು 2.8ರಿಂದ ಗುಣಿಸಿದರೆ ಮೆಗಾಹರ್ಟ್ಸ್ ಸಿಗುತ್ತದೆ. ನಿಮ್ಮ ರಿಸೀವರ್ 20.1 ಮೆಗಾಹರ್ಟ್ಸ್‌ನಲ್ಲಿ ಇದ್ದಾಗ ಗುರುವಿನ ಸದ್ದು ಬಂತು ಅನ್ನಿ. ಆ ಅಲೆ ಹುಟ್ಟಿದ ಜಾಗದಲ್ಲಿ ಕಾಂತಬಲ ಸುಮಾರು 7.2 ಗಾಸ್. ಮಂಡ್ಯದ ನೆಲದಲ್ಲಿ ಅದು ಅರ್ಧ ಗಾಸ್ ಕೂಡ ಇಲ್ಲ. 63 ಕೋಟಿ ಕಿಲೋಮೀಟರ್ ದೂರದ ಒಂದು ಜಾಗದ ಅಯಸ್ಕಾಂತ ಶಕ್ತಿಯನ್ನು ಗದ್ದೆಯ ಬದುವಿನ ಮೇಲೆ ಕೂತು ಅಳೆಯುತ್ತಿದ್ದೀರಿ. ನನ್ನನ್ನು ಈ ಹವ್ಯಾಸಕ್ಕೆ ಕಟ್ಟಿಹಾಕಿದ್ದು ಇದೇ ಸಂಗತಿ.

ಗುರುವಿನ ಈ ಅಲೆಗಳು 39.5 ಮೆಗಾಹರ್ಟ್ಸ್ ಹತ್ತಿರ ನಿಂತುಹೋಗುತ್ತವೆ. ಅದಕ್ಕಿಂತ ಮೇಲೆ ಹುಟ್ಟಬೇಕಾದರೆ ಬೇಕಾಗುವ ಕಾಂತಬಲ ಆ ರೇಖೆಗಳ ಬುಡದಲ್ಲಿ ಇಲ್ಲ. ಕೆಳಗಿನ ಮಿತಿಯನ್ನು ಹಾಕುವುದು ನಮ್ಮದೇ ಭೂಮಿ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳನ್ನು ಅಯನೋಸ್ಫಿಯರ್, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ, ಹೊರಗೇ ತಡೆಯುತ್ತದೆ. ಶನಿ, ಯುರೇನಸ್, ನೆಪ್ಚೂನ್‌ಗಳ ಕಾಂತಗೋಳಗಳೂ ರೇಡಿಯೊ ಅಲೆ ಹೊರಡಿಸುತ್ತವೆ. ಆದರೆ ಅವೆಲ್ಲ ಈ ಮಿತಿಗಿಂತ ಕೆಳಗಿವೆ. ಅವನ್ನು ಕೇಳಲು ವಾಯೇಜರ್, ಕ್ಯಾಸಿನಿಯಂಥ ನೌಕೆಗಳೇ ಹೋಗಬೇಕಾಯಿತು. ಮನೆ ಅಂಗಳಕ್ಕೆ ತಲುಪುವುದು ಗುರುವಿನ ಸದ್ದು ಮಾತ್ರ. ಹವ್ಯಾಸಿಗಳಿಗೆ 18ರಿಂದ 24 ಮೆಗಾಹರ್ಟ್ಸ್ ಒಳಗೆ ಕೇಳುವುದು ಒಳ್ಳೆಯದು.

ಮೊದಲ ಕೆಲಸ: ಗದ್ದಲ ಇಲ್ಲದ ಜಾಗ

ಆಂಟೆನಾ ಕಟ್ಟುವುದಕ್ಕಿಂತ ಮುಂಚೆ ಇದನ್ನು ಮಾಡಿ. ಶಾರ್ಟ್‌ವೇವ್ ಇರುವ ಒಂದು ಬ್ಯಾಟರಿ ರೇಡಿಯೊ ತೆಗೆದುಕೊಳ್ಳಿ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ಸಾಧ್ಯವಾದಷ್ಟು ಮೇಲಿನ ಬ್ಯಾಂಡ್ ಇರಲಿ. ಸೆಟ್ಟನ್ನು ಕೈಲಿ ಹಿಡಿದು ರಾತ್ರಿ ಹೊತ್ತು ಮನೆ ತುಂಬಾ ಓಡಾಡಿ. ಎಲ್‌ಇಡಿ ಬಲ್ಬಿನ ಕೆಳಗೆ ಹೋದರೆ ಗುಂಯ್ ಅನ್ನುತ್ತದೆ. ಮೊಬೈಲ್ ಚಾರ್ಜರ್ ಹತ್ತಿರ ಕರಕರ. ಯುಪಿಎಸ್, ಸೆಟ್‌ಟಾಪ್ ಬಾಕ್ಸ್, ಸೊಳ್ಳೆ ಬ್ಯಾಟ್ ಚಾರ್ಜಿಗೆ ಹಾಕಿರುವ ಮೂಲೆ, ಒಂದೊಂದಕ್ಕೂ ಒಂದೊಂದು ಸದ್ದು. ಆಮೇಲೆ ಮೈನ್ ಸ್ವಿಚ್ ಆರಿಸಿ ಮತ್ತೆ ಕೇಳಿ. ಸದ್ದು ಒಮ್ಮೆಗೇ ಇಳಿದರೆ ತಪ್ಪು ನಿಮ್ಮ ಮನೆಯದ್ದೇ. ಸ್ವಿಚ್‌ಗಳನ್ನು ಒಂದೊಂದಾಗಿ ಹಾಕುತ್ತಾ ಬಂದರೆ ಯಾವುದು ಅಂತ ಗೊತ್ತಾಗುತ್ತದೆ. ಮೈನ್ ಆರಿಸಿದರೂ ಇಳಿಯಲಿಲ್ಲ ಅಂದರೆ ಗದ್ದಲ ಹೊರಗಿನಿಂದ ಬರುತ್ತಿದೆ.

ಮೈಸೂರು ಪೇಟೆಯ ಒಳಗೆ, ಸಾಲುಮನೆಗಳ ನಡುವೆ ಇರುವವರಿಗೆ ನೇರವಾಗಿ ಹೇಳುತ್ತೇನೆ. ಅಲ್ಲಿ ಗುರುವನ್ನು ಕೇಳುವುದು ಬಹಳ ಕಷ್ಟ. ನಿಮ್ಮ ಮನೆ ಆರಿಸಬಹುದು, ಬೀದಿಯ ಮನೆಗಳನ್ನೆಲ್ಲ ಆರಿಸೋಕಾಗುತ್ತಾ? ಊರ ಕಡೆ ನೆಂಟರ ತೋಟ ಇದ್ದರೆ ಅಲ್ಲಿಗೆ ಹೋಗಿ. ಪಾಂಡವಪುರ, ಮೇಲುಕೋಟೆ, ನಾಗಮಂಗಲದ ಕಡೆ ಮನೆಗಳಿಂದ ದೂರ ಇರುವ ಬಯಲು ಬೇಕಾದಷ್ಟಿದೆ.

ತೋಟ ಅಂದಾಕ್ಷಣ ನಿಶ್ಶಬ್ದ ಅಂತಲೂ ಅಲ್ಲ. ಮಂಡ್ಯ ಜಿಲ್ಲೆಯ ಗದ್ದೆ ಬಯಲಿಗೆ ಅದರದೇ ಗದ್ದಲಗಳಿವೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಎಷ್ಟೊತ್ತಿಗೆ ಬರುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ರಾತ್ರಿ ಪಾಳಿ ಇದ್ದರೆ ಆಟೋ ಸ್ಟಾರ್ಟರ್‌ಗಳು ಒಂದಾದ ಮೇಲೊಂದು ಎಳೆದುಕೊಳ್ಳುವಾಗ ಫಟ್ ಫಟ್ ಅಂತ ಸದ್ದು ಬೀಳುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಮೋಟರ್‌ಗಳೂ ಇರುತ್ತವೆ. ಸೆಕೆಂಡಿಗೊಂದರ ಹಾಗೆ ಗಡಿಯಾರದಷ್ಟು ಕರಾರುವಾಕ್ಕಾಗಿ ಟಕ್ ಟಕ್ ಅಂತ ಬಂದರೆ ಅದು ಕಾಡುಹಂದಿ, ಆನೆ ಬಾರದಿರಲಿ ಅಂತ ಹಾಕಿರುವ ಸೋಲಾರ್ ಬೇಲಿ. ಅದನ್ನು ಆರಿಸಿ ಅಂತ ಕೇಳುವ ಹಾಗಿಲ್ಲ. ಜಾಗ ಬದಲಿಸಬೇಕು.

ಟಿಸಿಯಿಂದ (ಕರೆಂಟಿನ ಟ್ರಾನ್ಸ್‌ಫಾರ್ಮರ್), ಹೈಟೆನ್ಷನ್ ಲೈನಿನಿಂದ ಕೊನೇ ಪಕ್ಷ ಇನ್ನೂರು ಮುನ್ನೂರು ಮೀಟರ್ ದೂರ ಇರಿ. ಕಂಬದ ಮೇಲಿನ ಪಿಂಗಾಣಿ ಬಟ್ಟಲಲ್ಲಿ ಬಿರುಕಿದ್ದರೆ, ದೂಳು ಕೂತಿದ್ದರೆ ಅಲ್ಲಿ ಸಣ್ಣ ಕಿಡಿ ಹಾರುತ್ತಾ ಇರುತ್ತದೆ. ಆ ಚಿರಚಿರ ಸದ್ದು ಒಣ ಹವೆಯಲ್ಲಿ ಜಾಸ್ತಿ. ಅಂಥದ್ದು ಗೊತ್ತಾದರೆ ಲೈನ್‌ಮ್ಯಾನ್‌ಗೆ ಹೇಳಿ. ಕಂಬವನ್ನು ನೀವು ಮುಟ್ಟುವುದು, ಅಲ್ಲಾಡಿಸುವುದು ಬೇಡವೇ ಬೇಡ.

ಇನ್ನೊಂದು ಮಾತು. ಕಬ್ಬಿನ ಗದ್ದೆಯ ಪಕ್ಕ ರಾತ್ರಿ ಒಬ್ಬರೇ ಕೂರಬೇಡಿ. ಈ ಎರಡೂ ಜಿಲ್ಲೆಗಳಲ್ಲಿ ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾವುಗಳೂ ಇವೆ. ಬೂಟು ಹಾಕಿಕೊಳ್ಳಿ, ಜೊತೆಗೊಬ್ಬರು ಇರಲಿ, ಟಾರ್ಚ್ ಇರಲಿ. ತೋಟದ ಮನೆಯ ಜಗುಲಿಯಲ್ಲಿ ಕೂತು ಕೇಬಲ್ಲನ್ನು ಉದ್ದ ಎಳೆದುಕೊಂಡರೆ ಎಲ್ಲಕ್ಕಿಂತ ಕ್ಷೇಮ. ಅಕ್ಕಪಕ್ಕದ ಜಮೀನಿನವರಿಗೆ ಹಗಲಲ್ಲೇ ಹೋಗಿ ಹೇಳಿಬನ್ನಿ: "ಅಣ್ಣಾ, ಇವತ್ತು ರಾತ್ರಿ ನಮ್ಮ ತೋಟದಲ್ಲಿ ಲೈಟು ಓಡಾಡುತ್ತೆ, ಗಾಬರಿಯಾಗಬೇಡಿ." ನಡುರಾತ್ರಿ ಟಾರ್ಚ್ ಬೆಳಕು ನೋಡಿ ಮೋಟರ್ ಕಳ್ಳರು ಅಂದುಕೊಂಡರೆ ಕಷ್ಟ ಅಲ್ವಾ.

ಆಂಟೆನಾ ಕಟ್ಟುವುದು

ಇದರ ಹೆಸರು ಡೈಪೋಲ್. ಎರಡು ತೋಳು, ನಡುವೆ ಕೇಬಲ್. ಒಟ್ಟು ಉದ್ದ ಎಷ್ಟಿರಬೇಕು ಅನ್ನುವುದಕ್ಕೆ 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 20.1ಕ್ಕೆ 7.1 ಮೀಟರ್ ಬರುತ್ತದೆ. ಅಂದರೆ ಒಂದು ತೋಳು 3.55 ಮೀಟರ್. ಮನೆ ವೈರಿಂಗಿಗೆ ಬಳಸುವ ತಾಮ್ರದ ತಂತಿಯೇ ಸಾಕು. ಕತ್ತರಿಸುವಾಗ ಒಂದು ಗೇಣು ಜಾಸ್ತಿ ಬಿಡಿ, ಮಡಚಿ ಕಟ್ಟಲು ಬೇಕಾಗುತ್ತದೆ.

ಅರ್ಧ ಇಂಚಿನ ಪಿವಿಸಿ ಪೈಪಿನ ಗೇಣುದ್ದದ ಮೂರು ತುಂಡು ಮಾಡಿ. ಪ್ರತಿ ತುಂಡಿನ ಎರಡು ತುದಿಯಲ್ಲೂ ತೂತು ಕೊರೆಯಿರಿ. ಒಂದು ನಡುವಿಗೆ, ಎರಡು ತುದಿಗಳಿಗೆ. ನಡುವಿನ ತುಂಡಿನ ಒಂದು ತೂತಿಗೆ ಎಡ ತೋಳು, ಇನ್ನೊಂದಕ್ಕೆ ಬಲ ತೋಳು. ತೂತಿನಲ್ಲಿ ತೂರಿಸಿದ ತಂತಿಯನ್ನು ತನ್ನ ಮೇಲೇ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಭಾರವೆಲ್ಲ ಆ ಸುತ್ತಿನ ಮೇಲೆ ಬೀಳಬೇಕು, ಬೆಸುಗೆಯ ಮೇಲೆ ಬೀಳಬಾರದು. ಡಿಶ್ ಟಿವಿಗೆ ಎಳೆಯುವ ಕೇಬಲ್ ಇದೆಯಲ್ಲ, ಅದನ್ನೇ ಬಳಸಬಹುದು. ತುದಿಯ ರಬ್ಬರ್ ಬಿಡಿಸಿ, ನಡುವಿನ ತಂತಿಯನ್ನು ಒಂದು ತೋಳಿಗೆ, ಸುತ್ತಲಿನ ಜಾಲರಿಯನ್ನು ಇನ್ನೊಂದು ತೋಳಿಗೆ ಸೇರಿಸಿ. ಟಿವಿ ಕೇಬಲ್ಲಿನ ಜಾಲರಿ ಎಷ್ಟೋ ಸಲ ಅಲ್ಯೂಮಿನಿಯಂ ಆಗಿರುತ್ತದೆ, ಬೆಸುಗೆ ಹಿಡಿಯುವುದಿಲ್ಲ. ಆಗ ಸಣ್ಣ ಸ್ಕ್ರೂ ಕನೆಕ್ಟರ್ ಹಾಕಿ ಬಿಗಿ ಮಾಡಿ. ಕೊನೆಗೆ ಜಾಯಿಂಟಿನ ಮೇಲೆ ಎಂ-ಸೀಲ್ ಮೆತ್ತಿ. ಕೇಬಲ್ ಒಳಗೆ ಇಬ್ಬನಿ ನೀರು ಇಳಿದರೆ ವಾರದೊಳಗೆ ಆಂಟೆನಾ ಮಂಕಾಗುತ್ತದೆ.

ಜಾಯಿಂಟಿನ ಕೆಳಗೇ ಕೇಬಲ್ಲನ್ನು ನಾಲ್ಕು ಇಂಚಿನ ಪೈಪಿನ ಮೇಲೆ ಎಂಟ್ಹತ್ತು ಸುತ್ತು ಸುತ್ತಿ ಟೇಪ್ ಹಾಕಿ. ಲ್ಯಾಪ್‌ಟಾಪಿನ ಗದ್ದಲ ಕೇಬಲ್ಲಿನ ಮೈ ಹಿಡಿದು ಆಂಟೆನಾಗೆ ಹತ್ತದಂತೆ ಈ ಸುರುಳಿ ತಡೆಯುತ್ತದೆ. ಖರ್ಚಿಲ್ಲ, ಉಪಯೋಗ ಬಹಳ.

ಎತ್ತರದ ವಿಷಯದಲ್ಲಿ ಎಡವುವವರೇ ಹೆಚ್ಚು. ಆಂಟೆನಾ ಎಷ್ಟು ಮೇಲಿದ್ದರೆ ಅಷ್ಟು ಒಳ್ಳೆಯದು ಅನ್ನುವುದು ಟಿವಿ ಕಾಲದ ಅಭ್ಯಾಸ. ಇಲ್ಲಿ ಅದು ನಡೆಯುವುದಿಲ್ಲ. 20.1 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 15 ಮೀಟರ್. ನೆಲದಿಂದ ಅದರ ಕಾಲು ಭಾಗ, ಅಂದರೆ ಹನ್ನೆರಡು ಅಡಿಯ ಆಸುಪಾಸು ಕಟ್ಟಿದರೆ ಆಂಟೆನಾ ನೇರ ನೆತ್ತಿಯ ಕಡೆ ಚೆನ್ನಾಗಿ ಕೇಳುತ್ತದೆ. ಅದನ್ನೇ ಅಲೆಯ ಅರ್ಧದಷ್ಟು, ಇಪ್ಪತ್ತೈದು ಅಡಿಗೆ ಏರಿಸಿದರೆ ನೆಲದಿಂದ ತಿರುಗಿ ಬಂದ ಅಲೆಯೂ ಮೇಲಿನಿಂದ ಬಂದ ಅಲೆಯೂ ಹೊಡೆದುಕೊಂಡು ನೆತ್ತಿಯ ಕಡೆಗೇ ಕಿವುಡಾಗುತ್ತದೆ. ಗುರು ಇರುವುದೇ ಅಲ್ಲಿ! ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಗುರು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದು ಹೆಚ್ಚೆಂದರೆ 23 ಡಿಗ್ರಿ ಚಿಲ್ಲರೆ. ಹಾಗಾಗಿ ಯಾವ ವರ್ಷ ನೋಡಿದರೂ ನಮ್ಮಲ್ಲಿ ಅವನು ಅತಿ ಎತ್ತರಕ್ಕೆ ಏರಿದಾಗ ದಿಗಂತದಿಂದ 54 ಡಿಗ್ರಿಗಿಂತ ಕೆಳಗಿರುವುದಿಲ್ಲ. ಯುರೋಪಿನ ಹವ್ಯಾಸಿಗಳಿಗೆ ಈ ಭಾಗ್ಯ ಇಲ್ಲ. ಕೆಲವು ವರ್ಷ ಅವರಿಗೆ ಗುರು ದಿಗಂತದ ಹತ್ತಿರವೇ ಸುಳಿದು ಹೋಗುತ್ತಾನೆ.

ತಂತಿಯನ್ನು ಉತ್ತರ ದಕ್ಷಿಣವಾಗಿ ಕಟ್ಟಿ. ಡೈಪೋಲ್ ತನ್ನ ಎರಡು ಪಕ್ಕಗಳ ಕಡೆ ಅಗಲವಾಗಿ ಕೇಳುತ್ತದೆ, ತುದಿಗಳ ಕಡೆ ಕಡಿಮೆ. ಗುರು ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದರಿಂದ ಹೀಗೆ ಕಟ್ಟಿದರೆ ಜಾಸ್ತಿ ಹೊತ್ತು ಸಿಗುತ್ತಾನೆ. ಗಳಗಳಿಗೆ ನೈಲಾನ್ ಹಗ್ಗದಲ್ಲಿ ಎಳೆದು ಕಟ್ಟಿ. ಗಳ ಮುರಿದು ಬಿದ್ದರೂ ತಂತಿ ಯಾವ ಕರೆಂಟ್ ಲೈನಿನ ಮೇಲೂ ಬೀಳದಷ್ಟು ದೂರ ಇರಲಿ. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಕೇಬಲ್ಲನ್ನು ರಿಸೀವರಿನಿಂದ ಕಳಚಿ ಮನೆಯಿಂದ ಹೊರಗೇ ಬಿಡಿ. ಮೋಡದಲ್ಲಿ ಮಿಂಚು ಕಂಡರೆ ಅವತ್ತಿನ ಕೆಲಸ ಮುಗಿಯಿತು.

ರಿಸೀವರ್

1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದ್ದರು. ನಮ್ಮ ಊರುಗಳಲ್ಲಿ ಹಳೆಯ ಕಾಲದ ಒಳ್ಳೊಳ್ಳೆಯ ಸೆಟ್ಟುಗಳು ಇನ್ನೂ ಅಟ್ಟದ ಮೇಲಿವೆ. 20 ಮೆಗಾಹರ್ಟ್ಸ್ ಮುಟ್ಟುವ ಶಾರ್ಟ್‌ವೇವ್ ಸೆಟ್ ಇದ್ದು, ಅದರ ತಾನೇ ತಾನು ಸದ್ದು ಸರಿಮಾಡಿಕೊಳ್ಳುವ ಎಜಿಸಿಯನ್ನು ಆರಿಸಲು ಬಂದರೆ ಅದೇ ಸಾಕು. ಎಜಿಸಿ ಆನ್ ಇದ್ದರೆ ಗುರುವಿನ ಏರಿಳಿತವನ್ನು ಸೆಟ್ಟೇ ಮಟ್ಟ ಮಾಡಿಬಿಡುತ್ತದೆ.

ಇಲ್ಲವಾದರೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಎಸ್‌ಡಿಆರ್ ಡಾಂಗಲ್ (ಸಾಫ್ಟ್‌ವೇರ್ ಮೂಲಕ ಕೆಲಸ ಮಾಡುವ ಸಣ್ಣ ರಿಸೀವರ್) ತೆಗೆದುಕೊಳ್ಳಿ. ಆರ್‌ಟಿಎಲ್-ಎಸ್‌ಡಿಆರ್ ವಿ4 ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಇದಕ್ಕೆ ಒಗ್ಗುತ್ತದೆ. ಹಳೆಯ ವಿ3 ಇರುವವರು ಒಂದು ವಿಷಯ ತಿಳಿದಿರಬೇಕು. ಶಾರ್ಟ್‌ವೇವ್ ಕೇಳಲು ಅದರಲ್ಲಿರುವ ಡೈರೆಕ್ಟ್ ಸ್ಯಾಂಪ್ಲಿಂಗ್ ವಿಧಾನದಲ್ಲಿ 14.4 ಮೆಗಾಹರ್ಟ್ಸ್ ಕನ್ನಡಿಯಂತೆ ಕೆಲಸ ಮಾಡುತ್ತದೆ. 20.1ರಲ್ಲಿ ಕೇಳುವಾಗ 8.7ರಲ್ಲಿ ಇರುವುದೂ ಅಲ್ಲೇ ಬಂದು ಬೀಳುತ್ತದೆ. ನಡುವೆ ಒಂದು ಫಿಲ್ಟರ್ ಹಾಕದಿದ್ದರೆ ಕಂಡದ್ದನ್ನು ನಂಬುವ ಹಾಗಿಲ್ಲ. ಎಸ್‌ಡಿಆರ್‌ಪ್ಲೇ ಕಂಪನಿಯ ಆರ್‌ಎಸ್‌ಪಿ1ಎ ಇನ್ನೂ ಚೆನ್ನಾಗಿದೆ. ಹವ್ಯಾಸಿಗಳಿಗಾಗಿ ನಾಸಾ 1998ರ ಸುಮಾರಿಗೆ ಶುರು ಮಾಡಿದ ರೇಡಿಯೊ ಜೋವ್ ಯೋಜನೆಯೂ ಅದನ್ನು ಬಳಸಿದೆ. ಆದರೆ ಮೊದಲ ವರ್ಷಕ್ಕೆ ಬೇಕಾಗಿಲ್ಲ. ಆ ದುಡ್ಡಲ್ಲಿ ತೋಟಕ್ಕೆ ಹತ್ತು ಸಲ ಹೋಗಿಬನ್ನಿ. ನಾವು ಬರೀ ಕೇಳುತ್ತಿದ್ದೇವೆ, ಏನನ್ನೂ ಪ್ರಸಾರ ಮಾಡುತ್ತಿಲ್ಲ. ಪ್ರಸಾರಕ್ಕಾದರೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ, ಪರವಾನಗಿ ಬೇಕೇ ಬೇಕು.

ಎಸ್‌ಡಿಆರ್ ಪ್ಲಸ್ ಪ್ಲಸ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿ, 20.1ಕ್ಕೆ ಟ್ಯೂನ್ ಮಾಡಿ, ಎಎಂ ಮೋಡ್ ಇಡಿ. ಸ್ಟೇಷನ್ ಏನಾದರೂ ಕೂತಿದ್ದರೆ ಅತ್ತಿತ್ತ ಸ್ವಲ್ಪ ಸರಿಯಿರಿ. 21 ಮೆಗಾಹರ್ಟ್ಸ್ ಮೇಲೆ ಹ್ಯಾಮ್‌ಗಳೂ ಅದರಾಚೆ ಶಾರ್ಟ್‌ವೇವ್ ಸ್ಟೇಷನ್‌ಗಳೂ ಇರುತ್ತವೆ. 25.55ರಿಂದ 25.67ರವರೆಗಿನ ಸಣ್ಣ ಪಟ್ಟಿ ರೇಡಿಯೊ ಖಗೋಳಕ್ಕೆಂದೇ ಮೀಸಲು. ಅಲ್ಲೂ ಪ್ರಯತ್ನಿಸಬಹುದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಅಡಾಪ್ಟರ್ ಬೇಡ.

ಈಗ ಮುಖ್ಯವಾದ ಪರೀಕ್ಷೆ. ಆಂಟೆನಾ ಕೇಬಲ್ ಕಳಚಿ ಹಿಸ್ ಸದ್ದಿನ ಮಟ್ಟ ನೋಡಿಕೊಳ್ಳಿ. ಮತ್ತೆ ಸಿಕ್ಕಿಸಿ. ಸದ್ದು ಚೆನ್ನಾಗಿ ಏರಬೇಕು. ಜಾಗ ಶುದ್ಧವಾಗಿದ್ದರೆ ಹಾಗೆ ಏರಿದ ಹಿಸ್‌ನ ಬಹುಪಾಲು ಆಕಾಶಗಂಗೆಯದ್ದು. 20 ಮೆಗಾಹರ್ಟ್ಸ್‌ನಲ್ಲಿ ಇಡೀ ಆಕಾಶ ಸುಮಾರು ಐವತ್ತು ಸಾವಿರ ಡಿಗ್ರಿ ಕಾದ ವಸ್ತುವಿನಂತೆ ಸದ್ದು ಮಾಡುತ್ತದೆ. ಆಕಾಶಗಂಗೆ ಕೇಳಿಸುತ್ತಿದೆ ಅಂದರೆ ನಿಮ್ಮ ಉಪಕರಣ ಗುರುವಿಗೆ ಸಿದ್ಧ. ಏರಲೇ ಇಲ್ಲ ಅಂದರೆ ಜಾಯಿಂಟ್ ನೋಡಿ.

ಹಗಲಲ್ಲಿ ಸೂರ್ಯನ ಮೇಲೆ ಅಭ್ಯಾಸ ಮಾಡಬಹುದು. ಸೂರ್ಯ ಸ್ಫೋಟಿಸಿದಾಗ ಹಿಸ್ ಥಟ್ಟನೆ ಏರಿ, ನಿಧಾನಕ್ಕೆ ಅರ್ಧ ಒಂದು ನಿಮಿಷದಲ್ಲಿ ಇಳಿಯುತ್ತದೆ. ಆ ಏರಿಳಿತ ಒಮ್ಮೆ ಕಿವಿಗೆ ಕೂತರೆ ಆಕಾಶದ ಸದ್ದಿಗೂ ಯಂತ್ರದ ಸದ್ದಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಯಾವ ರಾತ್ರಿ, ಯಾವ ಗಂಟೆ

ಗುರು ಪ್ರತಿ ಹದಿಮೂರು ತಿಂಗಳಿಗೊಮ್ಮೆ ಸೂರ್ಯನಿಗೆ ನೇರ ಎದುರು ಬರುತ್ತಾನೆ. 2026ರಲ್ಲಿ ಅದು ಜನವರಿ 10ಕ್ಕೆ. ಮುಂದಿನದು 2027ರ ಫೆಬ್ರವರಿ ನಡುವಿಗೆ ಸ್ವಲ್ಪ ಮುಂಚೆ. ಆ ದಿನಗಳಲ್ಲಿ ನಮ್ಮಲ್ಲಿ ಅವನು ನೆತ್ತಿಗೆ ಬರುವುದು ರಾತ್ರಿ ಸುಮಾರು ಹನ್ನೆರಡೂವರೆಗೆ. ಅದಕ್ಕಿಂತ ಒಂದು ತಿಂಗಳು ಮುಂಚೆ ಎರಡೂವರೆಗೆ, ಎರಡು ತಿಂಗಳು ಮುಂಚೆ ನಾಲ್ಕೂವರೆಗೆ. ನಾನು ಇಷ್ಟಪಡುವುದು ಎದುರು ಬರುವುದಕ್ಕೆ ಮುಂಚಿನ ಎರಡು ಮೂರು ತಿಂಗಳು. ಕಾರಣ ನಮ್ಮ ತಲೆ ಮೇಲಿನ ಅಯನೋಸ್ಫಿಯರ್.

ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದು ಹೋಗುತ್ತದೆ. ನಾವು ಅದಕ್ಕೆ ತೀರಾ ಸಮೀಪ. ಈ ಭಾಗದಲ್ಲಿ ಸೂರ್ಯ ಮುಳುಗಿದ ಮೇಲೆ ಅಯನೋಸ್ಫಿಯರ್ ಕದಡಿ, ಅದರೊಳಗೆ ತೆಳುವಾದ ಗುಳ್ಳೆಗಳು ಏಳುತ್ತವೆ. ಅವುಗಳ ಮೂಲಕ ಬರುವ ಅಲೆ ನಡುಗುತ್ತದೆ, ಮಿನುಗುತ್ತದೆ. ನಡುರಾತ್ರಿ ಕಳೆದಂತೆ ಅದು ತಿಳಿಯಾಗುತ್ತದೆ, ಪದರವೂ ತೆಳುವಾಗುತ್ತದೆ. ಆದ್ದರಿಂದ ಒಂದು ಗಂಟೆಯಿಂದ ಬೆಳಗಿನ ಐದರವರೆಗಿನ ಹೊತ್ತು ಚಿನ್ನ. ದೂರದ ಶಾರ್ಟ್‌ವೇವ್ ಸ್ಟೇಷನ್‌ಗಳೂ ಆಗ ಅಡಗುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಗುಡುಗು ಕಡಿಮೆ ಇರುವುದು ಇನ್ನೊಂದು ಅನುಕೂಲ.

ಗುರು ಆಕಾಶದಲ್ಲಿದ್ದರೂ ಸದ್ದು ಯಾವಾಗಲೂ ಬರುವುದಿಲ್ಲ. ಅಲೆಗಳು ಹೊರಡುವುದು ಒಳಗೆ ಟೊಳ್ಳಾದ, ತೆಳು ಗೋಡೆಯ ಒಂದು ಶಂಕುವಿನ ಆಕಾರದಲ್ಲಿ. ಆ ಗೋಡೆ ಭೂಮಿಯನ್ನು ಸವರಿದಾಗ ಮಾತ್ರ ನಮಗೆ ಕೇಳಿಸುತ್ತದೆ. ಅದಕ್ಕೆ ಎರಡು ಸಂಖ್ಯೆ ಕೂಡಿಬರಬೇಕು. ಒಂದು, ಗುರುವಿನ ಯಾವ ರೇಖಾಂಶ ನಮ್ಮ ಕಡೆ ತಿರುಗಿದೆ ಅನ್ನುವುದು. ಇದನ್ನು ಸಿಎಂಎಲ್ ಅನ್ನುತ್ತಾರೆ. ಇನ್ನೊಂದು, ಅಯೋ ತನ್ನ ಕಕ್ಷೆಯಲ್ಲಿ ಎಲ್ಲಿದೆ ಅನ್ನುವುದು. ಅಯೋ ಗುರುವಿನ ನೇರ ಹಿಂದೆ ಇದ್ದಾಗ ಸೊನ್ನೆ ಡಿಗ್ರಿ ಅಂತ ಲೆಕ್ಕ. ಸದ್ದಿಗೂ ಅಯೋಗೂ ಇರುವ ಈ ನಂಟನ್ನು 1964ರಲ್ಲಿ ಕಂಡುಹಿಡಿದದ್ದು ಇ.ಕೆ. ಬಿಗ್.

ನೆನಪಿಡಬೇಕಾದ ಜೋಡಣೆಗಳು ಮೂರು. ಸಿಎಂಎಲ್ 105ರಿಂದ 185, ಅಯೋ 80ರಿಂದ 110 ಡಿಗ್ರಿಯಲ್ಲಿದ್ದರೆ ಅದು ಅಯೋ-ಬಿ. ಸಿಎಂಎಲ್ 200ರಿಂದ 270, ಅಯೋ 205ರಿಂದ 260 ಆದರೆ ಅಯೋ-ಎ. ಸಿಎಂಎಲ್ 300 ದಾಟಿ 20ರವರೆಗೆ, ಅಯೋ 225ರಿಂದ 260 ಆದರೆ ಅಯೋ-ಸಿ. ಈ ಗಡಿಗಳು ಕಲ್ಲಿನಲ್ಲಿ ಕೊರೆದದ್ದಲ್ಲ, ಅತ್ತಿತ್ತ ಸ್ವಲ್ಪ ಹಿಗ್ಗುತ್ತವೆ. ಹೊಸಬರು ಅಯೋ-ಬಿ ಹಿಡಿದು ಶುರು ಮಾಡಲಿ, ಸಿಗುವ ಸಾಧ್ಯತೆ ಅಲ್ಲಿ ಚೆನ್ನಾಗಿದೆ. ಸಣ್ಣ ದೂರದರ್ಶಕ ಇದ್ದರೆ ಕಣ್ಣಲ್ಲೇ ನೋಡಬಹುದು: ಅಯೋ-ಬಿ ಹೊತ್ತಿಗೆ ಅಯೋ ಗುರುವಿನ ಪೂರ್ವಕ್ಕೆ, ತಾನು ಸರಿಯಬಹುದಾದಷ್ಟು ದೂರ ಸರಿದು ನಿಂತಿರುತ್ತದೆ. ಆ ಚುಕ್ಕೆ ನೋಡುತ್ತಾ ಕಿವಿಯಲ್ಲಿ ಸದ್ದು ಕೇಳುವುದಿದೆಯಲ್ಲ, ಅದನ್ನು ಒಮ್ಮೆ ಅನುಭವಿಸಲೇಬೇಕು.

ಇವನ್ನು ಕೈಯಲ್ಲಿ ಲೆಕ್ಕ ಹಾಕುವ ಅಗತ್ಯ ಇಲ್ಲ. ರೇಡಿಯೊ ಜೂಪಿಟರ್ ಪ್ರೊ ಅನ್ನುವ ಸಾಫ್ಟ್‌ವೇರ್ ನಿಮ್ಮ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಪಟ್ಟಿ ಮಾಡಿಕೊಡುತ್ತದೆ. ಮಂಡ್ಯಕ್ಕೆ 12.5 ಉತ್ತರ, 76.9 ಪೂರ್ವ. ಮೈಸೂರಿಗೆ 12.3, 76.6. ಪಟ್ಟಿಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರುತ್ತವೆ. ಐದೂವರೆ ಗಂಟೆ ಕೂಡಿಸಿ, ತಾರೀಖು ಬದಲಾಗುವುದನ್ನು ಮರೆಯಬೇಡಿ. ಯುಟಿಸಿ ಡಿಸೆಂಬರ್ 12ರ 20:30 ಅಂದರೆ ನಮಗೆ ಡಿಸೆಂಬರ್ 13ರ ಬೆಳಗಿನ ಜಾವ ಎರಡು ಗಂಟೆ.

ಇನ್ನೊಂದು ಉಪಾಯ ಇದೆ. ಅಯೋ ನಾಲ್ಕು ಸುತ್ತು ಹಾಕಲು ಸುಮಾರು 170 ಗಂಟೆ ಬೇಕು. ಗುರು ಹದಿನೇಳು ಸಲ ತಿರುಗಲು ಸುಮಾರು 169 ಗಂಟೆ. ಒಂದು ವಾರ ಅಂದರೆ 168 ಗಂಟೆ. ಮೂರೂ ಎಷ್ಟು ಹತ್ತಿರ ನೋಡಿ. ಹಾಗಾಗಿ ಒಂದು ಶನಿವಾರ ರಾತ್ರಿ ಎರಡು ಗಂಟೆಗೆ ಸದ್ದು ಸಿಕ್ಕಿತು ಅಂದರೆ ಮುಂದಿನ ಶನಿವಾರ ಮೂರು ಗಂಟೆ ಸುಮಾರಿಗೆ ಅದೇ ಜೋಡಣೆ ಮತ್ತೆ ಬರುತ್ತದೆ. ಎರಡು ಮೂರು ವಾರ ಹೀಗೆ ನಡೆದು ಆಮೇಲೆ ತಪ್ಪುತ್ತದೆ. ಕೆಲಸಕ್ಕೆ ಹೋಗುವವರು ರಜೆಯ ರಾತ್ರಿಗಳನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು.

ಕೇಳಿಸಿದ್ದು ಗುರುವೇನಾ?

ಸದ್ದು ಎರಡು ಥರ. ಒಂದು ಉದ್ದನೆಯದು. ಹಿಸ್ ಸದ್ದೇ ಸುಯ್ ಅಂತ ಉಬ್ಬಿ, ಒಂದೆರಡು ಸೆಕೆಂಡಲ್ಲಿ ಇಳಿದು, ಮತ್ತೆ ಉಬ್ಬುತ್ತದೆ. ಇದನ್ನು ಎಲ್ ಬರ್ಸ್ಟ್ ಅನ್ನುತ್ತಾರೆ. ಈ ಏರಿಳಿತಕ್ಕೆ ಬಹುಮಟ್ಟಿಗೆ ಕಾರಣ ಸೂರ್ಯನಿಂದ ಬೀಸುವ ಕಣಗಳ ಗಾಳಿ. ಇನ್ನೊಂದು ಎಸ್ ಬರ್ಸ್ಟ್. ಕಾದ ಎಣ್ಣೆಗೆ ಸಾಸಿವೆ ಹಾಕಿದಾಗ ಚಟಪಟ ಸಿಡಿಯುವ ಹಾಗೆ. ಒಂದೊಂದು ಸಿಡಿತವೂ ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು. ಪ್ರತಿ ಸಿಡಿತವೂ ಮೇಲಿನ ಆವರ್ತನದಿಂದ ಕೆಳಕ್ಕೆ ಜಾರುತ್ತದೆ, ಸೆಕೆಂಡಿಗೆ ಸುಮಾರು 20 ಮೆಗಾಹರ್ಟ್ಸ್ ವೇಗದಲ್ಲಿ. ಧ್ರುವದ ಕಡೆ ಇಳಿದ ಎಲೆಕ್ಟ್ರಾನ್‌ಗಳು ತಿರುಗಿ ಗುರುವಿನಿಂದ ಮೇಲೇರುತ್ತಾ ದುರ್ಬಲ ಕಾಂತಕ್ಷೇತ್ರದ ಕಡೆ ಹೋಗುವುದೇ ಇದಕ್ಕೆ ಕಾರಣ. ಡಾಂಗಲ್ ತೋರಿಸುವ ಎರಡು ಮೆಗಾಹರ್ಟ್ಸ್ ಅಗಲವನ್ನು ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟುತ್ತದೆ.

ಅನುಮಾನ ಬಂದರೆ ಹೀಗೆ ಪರೀಕ್ಷಿಸಿ. ಟ್ಯೂನಿಂಗನ್ನು ಐವತ್ತು ನೂರು ಕಿಲೋಹರ್ಟ್ಸ್ ಆಚೀಚೆ ಸರಿಸಿ. ಗುರು ಅಲ್ಲೂ ಇರುತ್ತಾನೆ, ಸ್ಟೇಷನ್ ಆದರೆ ಮಾಯವಾಗುತ್ತದೆ. ಸದ್ದಿಗೆ ಕಟ್ಟುನಿಟ್ಟಾದ ತಾಳ ಇದ್ದರೆ ಅದು ಯಂತ್ರ. ಸಾಫ್ಟ್‌ವೇರ್ ಸದ್ದನ್ನು ಚಿತ್ರವಾಗಿ ತೋರಿಸುವ ವಾಟರ್‌ಫಾಲ್ ಪರದೆಯ ಮೇಲೆ ಸಮ ಅಂತರದ ನೇರ ಗೆರೆಗಳು ಬಂದರೆ ಚಾರ್ಜರ್ ಅಥವಾ ಸೋಲಾರ್ ಕಂಟ್ರೋಲರ್. ಚಟ್ ಅಂತ ಒಂದೇ ಏಟು ಬಿದ್ದು ಸುಮ್ಮನಾದರೆ ದೂರದ ಮಿಂಚು. ಗುರುವಿನ ರೇಡಿಯೊ ಬಿರುಗಾಳಿ, ಅಂದರೆ ಇಂಥ ಸದ್ದುಗಳ ಒಂದು ಸರಣಿ, ಕೆಲವು ನಿಮಿಷದಿಂದ ಒಂದೆರಡು ಗಂಟೆ ನಡೆಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಬ್ಬ ಕೇಳುಗ. ನೀವು ನಾಗಮಂಗಲದ ಕಡೆ, ನಿಮ್ಮ ಸ್ನೇಹಿತರು ನಂಜನಗೂಡಿನ ಕಡೆ ಕೂತು ಒಂದೇ ಹೊತ್ತಿಗೆ ರೆಕಾರ್ಡ್ ಮಾಡಿ. ಪಕ್ಕದ ಮೋಟರ್ ಎರಡೂ ಕಡೆ ಕೇಳಿಸಲು ಸಾಧ್ಯವಿಲ್ಲ. ಬಿರುಗಾಳಿ ಎರಡೂ ಕಡೆ ಒಂದೇ ಹೊತ್ತಿಗೆ ಶುರುವಾಗಿ, ಒಂದೇ ಹೊತ್ತಿಗೆ ನಿಂತು, ಅದು ಪಟ್ಟಿಯಲ್ಲಿದ್ದ ಸಮಯಕ್ಕೂ ಹೊಂದಿದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಇಬ್ಬರ ಗಡಿಯಾರವೂ ಮೊಬೈಲ್ ಸಮಯಕ್ಕೆ ಸರಿಯಾಗಿರಲಿ. ಕಾಲೇಜು ಹುಡುಗರು ನಾಲ್ಕೈದು ಊರುಗಳಲ್ಲಿ ಹೀಗೆ ಕೂತರೆ ಎಷ್ಟು ಚೆನ್ನ! ನಮ್ಮದೇ ರಾಜ್ಯದ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ಗಾಗಿ ಕಟ್ಟಿದ ಟಿ ಆಕಾರದ ರೇಡಿಯೊ ದೂರದರ್ಶಕವೂ ಇಂಥದ್ದೇ ಡೈಪೋಲ್‌ಗಳ ಸಾಲು.

ಬರೆದಿಡುವುದು

ಕೇಳಿಸಿದರೂ ಬರೆಯಿರಿ, ಕೇಳಿಸದಿದ್ದರೂ ಬರೆಯಿರಿ. ಅಯೋ-ಬಿ ಹೊತ್ತಲ್ಲಿ ಎರಡು ಗಂಟೆ ಕೂತರೂ ಏನೂ ಬರಲಿಲ್ಲ ಅನ್ನುವುದೂ ಮಾಹಿತಿಯೇ. ತಾರೀಖು, ಶುರು ಮತ್ತು ಕೊನೆಯ ಸಮಯ ಯುಟಿಸಿಯಲ್ಲಿ, ಆವರ್ತನ, ಸಿಎಂಎಲ್, ಅಯೋ ಡಿಗ್ರಿ, ಆಂಟೆನಾದ ಎತ್ತರ ಮತ್ತು ದಿಕ್ಕು, ಆ ರಾತ್ರಿಯ ಗದ್ದಲಗಳು ಇಷ್ಟು ಇರಲಿ. ಕರೆಂಟು ಹೋದದ್ದು, ಬಂದದ್ದನ್ನೂ ಬರೆಯಿರಿ. ಗ್ರಾಫಿನಲ್ಲಿ ಅದು ಮೆಟ್ಟಿಲ ಹಾಗೆ ಕಾಣುತ್ತದೆ, ಆಮೇಲೆ ಗುರುವೆಂದು ಮೋಸಹೋಗುವುದು ತಪ್ಪುತ್ತದೆ. ಆಡಿಯೊವನ್ನು ಎಂಪಿ3 ಮಾಡದೆ ವೇವ್ ಫೈಲ್ ಆಗಿಯೇ ಇಟ್ಟುಕೊಳ್ಳಿ. ಎಸ್ ಬರ್ಸ್ಟಿನ ಸಣ್ಣ ಸಿಡಿತಗಳು ಎಂಪಿ3ಯಲ್ಲಿ ಅಳಿಸಿಹೋಗುತ್ತವೆ. ಒಳ್ಳೆಯ ದಾಖಲೆ ಸಿಕ್ಕರೆ ರೇಡಿಯೊ ಜೋವ್ ಯೋಜನೆಯ ಸಂಗ್ರಹಕ್ಕೆ ಕಳಿಸಿ. ಅಲ್ಲಿ ಬೇರೆ ದೇಶಗಳ ಹವ್ಯಾಸಿಗಳ ದಾಖಲೆಗಳೂ ಇವೆ. ನಿಮ್ಮ ರಾತ್ರಿಗೆ ಹೊಂದುವ ದಾಖಲೆ ಇದೆಯೇ ಅಂತ ಅಲ್ಲೇ ಹುಡುಕಿ ನೋಡಬಹುದು.